ಚಂದ್ರಿಗೆ ತಾಗಿದ ನನ್ನ ಕಣ್ಣು

ನನ್ನ ಕಣ್ಣು ಕೆಟ್ಟದ್ದಂತೆ. ಹೇಳಿದವರು ಬೇರೆ ಯಾರೂ ಅಲ್ಲ, ಸ್ವಂತ ಅಕ್ಕ. ಅವಳ ಎಮ್ಮೆ ಚಂದ್ರಿ ಕಳೆದ ವಾರದಿಂದ ಹಾಲು ಕಡಿಮೆ ಮಾಡಿದ್ದಾಳೆ. ಅಪರಾಧಿ, ಗೋಕಾಕದಲ್ಲಿ ಕೂತಿರುವ ನಾನು!

ನಡೆದದ್ದಿಷ್ಟು. ಅಕ್ಕನ ಮನೆ ಹುಕ್ಕೇರಿ ತಾಲೂಕಿನಲ್ಲಿ, ಸಂಕೇಶ್ವರದಿಂದ ಒಳಗೆ ಹೋಗಬೇಕು. ಹೋದ ವಾರ ಅಲ್ಲಿಗೆ ಹೋಗಿದ್ದೆ. ಊಟ ಮುಗಿಸಿ ಕೈ ತೊಳೆಯಲು ಹಿತ್ತಲಿಗೆ ಹೋದವಳು ದನದ ಮನೆಯೊಳಗೆ ಇಣುಕಿದೆ. (ಇಣುಕಬಾರದಿತ್ತು ಎಂದು ಈಗ ಎಲ್ಲರೂ ಹೇಳುತ್ತಿದ್ದಾರೆ.) ಮೂಲೆಯಲ್ಲಿ ಬಾಯಿ ತೆರೆದ ಶೇಂಗಾ ಹಿಂಡಿಯ ಚೀಲ. ಒಂದು ತುಂಡು ಎತ್ತಿ ಮುರಿದೆ. ಒಳಗೆಲ್ಲ ಹಸಿರು ಬೂಷ್ಟು. ಮಳೆಗಾಲದ ಗೋಡೆಯ ವಾಸನೆ.

“ಅಕ್ಕಾ, ಇದಕ್ಕ ಬೂಷ್ಟ ಬಂದೈತಲ್ಲ? ಇದನ್ನ ಚಂದ್ರಿಗಿ ಹಾಕ್ತಿ ಏನ?”

ಅಕ್ಕ ಓಡಿ ಬಂದು ಚೀಲದ ಬಾಯಿ ಮುಚ್ಚಿದಳು. “ಸಾವಕಾಶ ಮಾತಾಡ. ಎಮ್ಮಿ ಏನ್ ತಿಂತೈತಿ, ಎಷ್ಟ ಹಾಲ ಕೊಡತೈತಿ ಅಂತ ಮಂದಿ ಕೇಳಬಾರದು. ನದರ ತಾಗತೈತಿ.”

“ನಾ ಮಂದಿ ಏನ?”

“ಹೊರಗಿಂದ ಬಂದವ್ರೆಲ್ಲ ಮಂದಿನ.”

ಅಷ್ಟರಲ್ಲಿ ಅಕ್ಕನ ಮೊಮ್ಮಗಳು ಗೌರಿ ಬಟ್ಟಲು ಹಿಡಿದು ಬಂದಳು. ಎರಡು ವರ್ಷದ ಕೂಸು, ತುಟಿಯ ಮೇಲೆ ಹಾಲಿನ ಮೀಸೆ. ಹಾಲು ಬಿಟ್ಟು ಬೇರೇನನ್ನೂ ಸರಿಯಾಗಿ ಮುಟ್ಟುವುದಿಲ್ಲ. ಮನೆಯವರಿಗೆ ಅದು ದೂರೂ ಹೌದು, ಹೆಮ್ಮೆಯೂ ಹೌದು.

ಬಸ್ಸಿನಲ್ಲಿ ಬರುವಾಗಲೂ ಆ ಹಸಿರೇ ಕಣ್ಣ ಮುಂದೆ. ಮನೆಗೆ ಬಂದವಳೇ ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿದೆ. “ಬೂಷ್ಟಿನಾಗ ವಿಷ ಇರಬಹುದ್ರಿ. ಅದು ಹಾಲಿಗೂ ಇಳೀತೈತಿ,” ಎಂದರು. ಕುದಿಸಿದರೆ? “ಕುದಿಸಿದ್ರೂ ಹೋಗಂಗಿಲ್ರಿ.” ಅಕ್ಕ ಹಾಲನ್ನು ಎಷ್ಟು ಹೊತ್ತು ಕುದಿಸುತ್ತಾಳೆ ಗೊತ್ತೇ? ಕೆನೆ ರೊಟ್ಟಿಯಷ್ಟು ದಪ್ಪ ಕಟ್ಟುವವರೆಗೆ. ಆ ಧೈರ್ಯವೂ ಹೋಯಿತು.

ನಾವು ಎಂಥ ಜನ ನೋಡಿ. ಕರದಂಟಿನ ಬಾಕ್ಸನ್ನು ತಿರುಗಿಸಿ ತಿರುಗಿಸಿ ಡೇಟ್ ಹುಡುಕುತ್ತೇವೆ. ಬಿಸ್ಕಿಟ್ ಪ್ಯಾಕೆಟ್ಟಿನ ಡೇಟ್ ಮುಗಿದಿದ್ದರೆ ಅಂಗಡಿಯವನ ಜೊತೆ ಜಗಳ. ಆಮೇಲೆ ಆ ಬಿಸ್ಕಿಟ್ ಯಾರ ಪಾಲು? ಎಮ್ಮೆಯ ಪಾಲು! ಪಶು ಆಹಾರಕ್ಕೂ ಗುಣಮಟ್ಟದ ನಿಯಮವಿದೆ, ಚೀಲದ ಬಾಯಿಗೆ ಚೀಟಿ ಹೊಲಿದಿರುತ್ತಾರೆ. ನಮ್ಮಲ್ಲಿ ಚೀಲ ಬಿಚ್ಚುವುದು ಹೇಗೆ? ದಾರ ಹಿಡಿದು ಒಂದೇ ಎಳೆತ. ದಾರದ ಜೊತೆ ಚೀಟಿಯೂ ತಿಪ್ಪೆಗೆ. ಐಎಸ್‌ಐ ಮುದ್ರೆಯಿದ್ದ ಚೀಲ ಖಾಲಿಯಾದ ಮೇಲೆ ಬಾಗಿಲಲ್ಲಿ ಕಾಲೊರಸು. ಅಕ್ಕನ ಮನೆಯಲ್ಲಿ ಆ ಮುದ್ರೆಯ ಮೇಲೇ ಕಾಲೊರೆಸಿ ನಾನು ಒಳಗೆ ಹೋಗಿದ್ದೆ.

ಮೂಡಲಗಿಯಲ್ಲಿ ಎಮ್ಮೆ ಕಟ್ಟಿ ಹಾಲು ಮಾರುವ ನಮ್ಮ ಸೋದರಮಾವನ ಮಗನನ್ನೂ ಕೇಳಿದೆ, ನೀನಾದರೂ ಚೀಟಿ ಓದುತ್ತೀಯಾ? ನಕ್ಕುಬಿಟ್ಟ. “ಎಮ್ಮಿ ತಿಂದ್ರ ಚಲೋ ಹಿಂಡಿ, ಬಿಟ್ರ ಕೆಟ್ಟ ಹಿಂಡಿ. ಅದಕ್ಕಿಂತ ದೊಡ್ಡ ಲ್ಯಾಬ್ ಬೇಕೇನ?” ಹಸಿದ ಎಮ್ಮೆ ಏನನ್ನು ಬಿಟ್ಟೀತು ಹೇಳಿ.

ಮರುದಿನ ಅಕ್ಕನಿಗೆ ಫೋನ್ ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳದು ಶುರು. “ನೀ ಬಂದ್ ಹೋದ ಮ್ಯಾಲ ಚಂದ್ರಿ ಹಾಲ ಇಳಿಸ್ಯಾಳ. ಮೆಣಸಿನಕಾಯಿ ಇಳಿ ತೆಗದು ಒಲ್ಯಾಗ ಹಾಕಿದ್ನಿ. ಒಂದೀಟೂ ಘಾಟ ಬರಲಿಲ್ಲ!”

ಮೆಣಸಿನಕಾಯಿ ಸುಟ್ಟು ಘಾಟು ಬರದಿದ್ದರೆ ದೃಷ್ಟಿ ತಾಗಿದ್ದು ಖಾತ್ರಿ. ನನ್ನ ಕಣ್ಣಿಗೆ ಪುರಾವೆ ಸಿಕ್ಕಿತು. ಕಣ್ಣೆದುರಿಗಿರುವ ಬೂಷ್ಟಿಗೆ ಪುರಾವೆ ಸಾಲದು!

ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಹೆದರಿಕೆ. “ಆತು, ನನ್ನ ಕಣ್ಣ ಕೆಟ್ಟದ್ದ ಅನ್ನ. ಗೌರಿ ಮಾರಿ ನೋಡಿಯಾದ್ರೂ ಆ ಹಿಂಡಿ ಬಿಡ ಅಕ್ಕಾ,” ಎಂದು ಅತ್ತೇಬಿಟ್ಟೆ. ಹಾಲಿನ ವಿಷದ ಮಾತನ್ನೂ ಹೇಳಿದೆ.

ಮೊನ್ನೆ ಅವಳೇ ಫೋನ್ ಮಾಡಿದಳು. “ಅಳಬ್ಯಾಡ ಬಿಡವ್ವಾ. ಚಂದ್ರಿಗಿ ಆ ಹಿಂಡಿ ಹಾಕೂದ ಬಿಟ್ಟೇನಿ.” ಹೊಸ ಚೀಲ ಬಂದಿದೆಯಂತೆ. ಚೀಟಿಯನ್ನು ಸೊಸೆಯ ಕೈಯಲ್ಲಿ ಓದಿಸಿದ್ದಾಳಂತೆ! ಹೋದ ಜೀವ ಬಂದಂತಾಯಿತು.

“ಆ ಹಳೇ ಚೀಲ ಏನ್ ಮಾಡಿದಿ?”

“ಚೆಲ್ಲಾಕ ಮನಸ ಆಗಲಿಲ್ಲ. ಬಾಜೂ ಮನಿ ಕಾಕಾರ ಎಮ್ಮಿಗಿ ಕೊಟ್ನಿ.”

“ಚಂದ್ರಿ ಹಾಲು ಕಡಿಮಿ ಆಗೇತಿ ಅಂದ್ಯಲ್ಲ. ಮತ್ತ ಗೌರಿಗಿ?”

“ಅದರ ಚಿಂತಿ ಮಾಡಬ್ಯಾಡ ನೀ. ಚಂದ್ರಿ ಹಾಲ ಏರಿಸೂತನಕ ಕಾಕಾರ ಮನಿಯಿಂದನ ತರತೇವಿ.”

ಇನ್ನು ಕಾಕಾರ ಎಮ್ಮೆ ಏನು ತಿನ್ನುತ್ತಿದೆ ಎಂದು ಕೇಳಲು, ಈ ಕೆಟ್ಟ ಕಣ್ಣಿನವಳನ್ನು ಆ ಹಿತ್ತಲಿಗೆ ಬಿಡುವವರು ಯಾರು?