ಹತ್ತು ಸಾವಿರದ ಮೇಲೊಂದು

ಊರ ಹೊರಗಿನ ವಾಳೂಜಿನ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಚನಬಸಪ್ಪನ ಮಾತೇ ಕೊನೆಯ ಮಾತು. ಎಷ್ಟೇ ಬೋಲ್ಟು ಬರಲಿ, ಡಬ್ಬಿಯಲ್ಲಿ ಸರಿಸಾಲು ಕೂಡಿಸಿ, ಒಂದೂ ಉಳಿಯದಂತೆ ಮುಚ್ಚಳ ಬಡಿಯುತ್ತಿದ್ದ. ಬೀದರ್ ಬಿಟ್ಟು ಮಹಾರಾಷ್ಟ್ರದ ಸಂಭಾಜಿನಗರ ಸೇರಿ ಅರ್ಧ ಆಯುಷ್ಯ ಕಳೆದರೂ ಮೂಗಿನ ತುದಿಯ ಸಿಟ್ಟು ಮಾತ್ರ ಊರಿಂದ ತಂದದ್ದೇ.

ಆ ಸಿಟ್ಟೇ ಅವನನ್ನು ಸಿಕ್ಕಿಸಿತು. ಕಾರ್ತಿಕದ ದೀಪೋತ್ಸವದ ಮಾತುಕತೆಗೆ ಬೀದರಿನವರೆಲ್ಲ ತಮ್ಮ ಸಮಾಜದ ಮಂಟಪದಲ್ಲಿ ಕೂಡಿದ್ದರು. ಪಕ್ಕದ ಕಬ್ಬಿಣದಂಗಡಿ ರವಿಕಾಂತ, "ಅಂಗಳದಾಗ ಹತ್ತು ಸಾವಿರ ದೀಪ ಸಾಲಾಗಿ ಇಡೋಣು" ಎಂದ.

"ಸೊನ್ನಿಗೆ ನಿಲ್ಲೋ ಲೆಕ್ಕ ದೇವರ ಮುಂದ ಇಡ್ತಾರೇನು? ಮದುವಿ ಆಯೇರಿಗೂ ನೂರಾ ಒಂದು ರೂಪಾಯಿ ಕೊಡ್ತೀವಿ. ಮ್ಯಾಲ ಒಂದು ಸೇರಸ್ರಿ!" ಚನಬಸಪ್ಪ ಎಗರಿದ.

"ಆ ಒಂದನ್ನ ಎಲ್ಲಿ ಕೂಡಿಸ್ತಿಯೋ? ನಿನ್ನ ತಲಿ ಮ್ಯಾಲೆ?" ರವಿಕಾಂತ ಕೆಣಕಿದ.

ಎಲ್ಲರೂ ನಕ್ಕರು. "ಇಷ್ಟು ದೊಡ್ಡ ಸಂಖ್ಯೆ ಎಲ್ಲೋ ಒಂದು ಕಡೆ ಸಮನಾಗಿ ಒಡೀತದ. ಸರಿಸಾಲು ಬರದಿದ್ರ ನಾ ಈ ಮಂಟಪದ ಹೊಸ್ತಿಲ ತುಳಿಯಂಗಿಲ್ಲ!" ಎಂದುಬಿಟ್ಟ ಚನಬಸಪ್ಪ. ಮುಂದಿನ ವಾರ ಅದೇ ಮಂಟಪದಲ್ಲಿ ಮಗಳು ರೂಪಾಳ ನಿಶ್ಚಿತಾರ್ಥ. ಅದು ನೆನಪಾದದ್ದು ಮನೆಗೆ ಬಂದಮೇಲೆ.

ಹತ್ತು ಸಾವಿರದ ಒಂದನ್ನು ಎರಡರಿಂದ ಭಾಗಿಸಿದ, ಒಂದು ಉಳಿಯಿತು. ಐದರಿಂದ, ಒಂದು. ಎಂಟರಿಂದ, ಹತ್ತರಿಂದ, ಅದೇ ಒಂದು. ಮೂರಕ್ಕೆ ಎರಡು ಉಳಿದವು, ಏಳಕ್ಕೆ ಐದು. ಹತ್ತು ಸಾವಿರ ಬೇಕಾದಷ್ಟು ಕಡೆ ಒಡೆಯುತ್ತಿತ್ತು. ತಾನೇ ಸೇರಿಸಿದ ಒಂದು ಬಾಗಿಲೆಲ್ಲ ಮುಚ್ಚಿಬಿಟ್ಟಿತ್ತು.

"ಒಂದು ದೀಪ ತೆಗೀರಲ್ಲ," ಎಂದಳು ಹೆಂಡತಿ ಕಸ್ತೂರಿಬಾಯಿ.

"ತೆಗೆದ್ರ ರವಿಕಾಂತ ಗೆದ್ದಂಗ!"

"ಹಂಗಾರ ಹೊರಗ ನಿಂತು ಕಿಟಕ್ಯಾಗ ಮಗಳನ್ನ ನೋಡ್ರಿ."

ರೂಪಾ ಮೊಬೈಲ್ ಹಿಡಿದು ಬಂದಳು. "ಪಪ್ಪಾ, ಥಾಂಬಾ, ನಿಲ್ರಿ. ಎಪ್ಪತ್ತಮೂರು ಸಾಲು, ಸಾಲಿಗೆ ನೂರಾ ಮೂವತ್ತೇಳು. ಬೇರೆ ದಾರಿ ನಾಹೀ. ಇಲ್ಲಾಂದ್ರ ಒಂದೇ ಸಾಲು, ವಾಳೂಜ್ ತನಕ!"

ಚನಬಸಪ್ಪ ಟೇಪು ಹಿಡಿದು ಮಂಟಪಕ್ಕೆ ಓಡಿದ. ಹೊಸ್ತಿಲು ದಾಟದೆ ಅಂಗಳವನ್ನಷ್ಟೇ ಅಳೆದ. ಉದ್ದಕ್ಕೆ ನೂರಾ ಮೂವತ್ತೇಳು ಹಿಡಿಸುತ್ತಿದ್ದವು. ಅಗಲಕ್ಕೆ ಅರವತ್ತೇ ಸಾಲು. ಒತ್ತಿಟ್ಟರೆ ಎಣ್ಣೆ ಹಾಕುವವರಿಗೆ ಕಾಲಿಡಲೂ ಜಾಗವಿಲ್ಲ. ಉಳಿದ ಹದಿಮೂರು ಸಾಲಿಗೆ ತಂತಿ ಬೇಲಿಯಾಚೆಯ ನೆಲವೇ ಗತಿ. ಆ ನೆಲ ರವಿಕಾಂತನದು.

ಬೇಲಿಯ ಮುಂದೆ ಹೋಗಿ ನಿಂತ. ವಾಪಸಾಗಲು ಎರಡು ಸಲ ತಿರುಗಿದ. ಹಿಂದೆ ಮಂಟಪದ ಹೊಸ್ತಿಲು, ಮುಂದೆ ಈ ಮನುಷ್ಯ.

"ಏನ್ ಬೇಕಾಗಿತ್ತು ಸಾಹೇಬ್ರಿಗೆ?" ರವಿಕಾಂತ ಕುರ್ಚಿಯಿಂದ ಏಳಲಿಲ್ಲ.

"ನಿನ್ನ ಜಾಗ. ಹದಿಮೂರು ಸಾಲಿಗೆ."

"ನಾಳೆ ಮಂದಿ ಯಾರ ಜಾಗ ಅಂತ ಕೇಳಿದ್ರ?"

"ನಿಂದು ಅಂತೀನಿ."

"ಕೇಳಸ್ಲಿಲ್ಲ."

"ರವಿಕಾಂತಣ್ಣಂದು! ಆತಿಲ್ಲೋ?" ಬೀದಿಯೇ ತಿರುಗಿ ನೋಡುವಂತೆ ಒದರಿದ.

ರವಿಕಾಂತ ಎದ್ದು ಬೇಲಿಯ ತಂತಿ ಬಿಚ್ಚಿದ. ಆಚೆ ಇಡೀ ನೆಲದ ತುಂಬ ಕಬ್ಬಿಣದ ಸರಳಿನ ರಾಶಿ.

"ಒಬ್ಬನ ಕೈಲೆ ಏಳಂಗಿಲ್ಲ. ಆ ತುದಿ ನೀ ಹಿಡಿ."

ಚನಬಸಪ್ಪ ಹಲ್ಲು ಕಚ್ಚಿ ಬಗ್ಗಿದ.