ಗುನ್ವೋರ್ ಬೆರೆಸಿದ ತಪ್ಪುಗಳು

ಒಳ್ಳೆಯ ಅಂಕಿಗಳನ್ನು ಕೆಡಿಸುವುದಕ್ಕೆಂದೇ ಸಂಬಳ ತೆಗೆದುಕೊಳ್ಳುವವರು ಯಾರಾದರೂ ಇದ್ದಾರೆಯೇ? ಇದ್ದಾಳೆ, ಉತ್ತರದ ಕಡಲ ದಂಡೆಯ ಟ್ರೊಮ್ಸೊ ಊರಿನ ಗುನ್ವೋರ್. ಮನೆಯ ಕಿಟಕಿಗೆ ಎರಡು ಥರ್ಮಾಮೀಟರ್ ತೂಗುಹಾಕಿ ಎರಡನ್ನೂ ಬೈಯುವ ಜಾಯಮಾನ ಅವಳದು. ಇನ್ನೂ ಕಟ್ಟದ ಉಪಗ್ರಹದಿಂದ ಹವಾಮಾನದ ಮುನ್ಸೂಚನೆಗೆ ಏನಾದರೂ ಪ್ರಯೋಜನವುಂಟೋ ಎಂದು ಮೊದಲೇ ಅಳೆಯುವುದು ಅವಳ ಸಂಸ್ಥೆಯ ಕೆಲಸ. ಅದಕ್ಕಾಗಿ ಕಂಪ್ಯೂಟರಿನೊಳಗೆ ಒಂದು ಸುಳ್ಳು ಚಳಿಗಾಲ ಹುಟ್ಟಿಸುತ್ತಾರೆ. ಅಲ್ಲಿ ಯಾವ ಗಾಳಿ ಎಲ್ಲಿ ಬೀಸಿತೆಂಬುದು ಪೂರ್ತಿ ಗೊತ್ತು. ಉಪಗ್ರಹ ಇದ್ದಿದ್ದರೆ ಅದಕ್ಕೆ ಏನು ಕಾಣುತ್ತಿತ್ತೋ ಅಷ್ಟನ್ನೇ ಎತ್ತಿ ಇನ್ನೊಂದು ಕಂಪ್ಯೂಟರಿಗೆ ಕೊಟ್ಟು, 'ಈಗ ಹೇಳು ನೋಡೋಣ, ನಾಳೆ ಏನಾಗುತ್ತೆ' ಎನ್ನುತ್ತಾರೆ. ನಿಜದ ಉಪಗ್ರಹವೋ, ಮೋಡದಲ್ಲಿ ತಡವರಿಸುತ್ತದೆ, ತಪ್ಪು ನೋಡುತ್ತದೆ. ಆ ತಪ್ಪುಗಳನ್ನು ಹದವಾಗಿ ಬೆರೆಸುವವಳು ಗುನ್ವೋರ್. "ಬಂದಳಪ್ಪ, ಹಾಲಿಗೆ ಹುಳಿ ಹಿಂಡೋಳು" ಎಂದು ಮುಖ್ಯಸ್ಥ ಐಲರ್ಟ್ ದಿನಾ ರೇಗಿಸುತ್ತಾನೆ.

ಈ ಸಲದ ಉಪಗ್ರಹ ಮಾತ್ರ ಅವಳಿಗೆ ಬೇಕೇ ಬೇಕಿತ್ತು. ಉತ್ತರದ ಕಡಲಲ್ಲಿ, ಹಿಮದ ಅಂಚಿನಲ್ಲಿ, ಗೊತ್ತೇ ಆಗದ ಹಾಗೆ ಹುಟ್ಟಿ ದೋಣಿ ನುಂಗುವ ಚಿಕ್ಕ ಬಿರುಗಾಳಿಗಳನ್ನು ಹಿಡಿಯಲು ಅದನ್ನು ಯೋಜಿಸಿದ್ದರು. ಅವಳ ತಮ್ಮ ಓಡ್‌ಗೇರ್ ಅಂಥದರಲ್ಲೇ ದೋಣಿ ಸಮೇತ ಹೋದವನು. ಸುಳ್ಳು ಚಳಿಗಾಲದಲ್ಲೂ ಅಂಥದೊಂದು ಎದ್ದಿತು. ಉಪಗ್ರಹದ ನೋಟ ಕೊಟ್ಟಿದ್ದೇ ತಡ, ಕಂಪ್ಯೂಟರ್ ಅದನ್ನು ಅರ್ಧ ದಿನ ಮೊದಲೇ ಹೇಳಿಬಿಟ್ಟಿತು! ಗುನ್ವೋರ್ ಕಾಫಿ ಲೋಟ ಹಿಡಿದೇ ಅತ್ತಳು. ಐಲರ್ಟ್ ಕಂದು ಚೀಸ್ ಹಾಕಿ ಎಲ್ಲರಿಗೂ ವಾಫೆಲ್ ಎಂಬ ಸಿಹಿ ದೋಸೆ ಹಂಚಿದ. ಇನ್ನು ಹಣ ಕೊಡುವ ಸಮಿತಿಗೆ ವರದಿ ಕಳಿಸುವುದೊಂದೇ ಬಾಕಿ.

ಮಾರನೆಯ ದಿನ ಅವಳಿಗೆ ಅನುಮಾನ ಬಂತು. ಇಷ್ಟು ಚೆನ್ನಾಗಿ ಬರುವುದುಂಟೇ? ಹುಡುಕಿದಳು, ಸಿಕ್ಕಿತು. ಹಿಮದ ಅಂಚು ಎಲ್ಲಿದೆಯೆಂಬುದನ್ನು ಸುಳ್ಳು ಲೋಕದಿಂದ ಹಾಗೇ ಎತ್ತಿ, ಮುನ್ಸೂಚನೆ ಹೇಳುವ ಕಂಪ್ಯೂಟರಿಗೂ ಕೊಟ್ಟುಬಿಟ್ಟಿದ್ದರು. ಪರೀಕ್ಷೆಗೆ ಮುಂಚೆಯೇ ಪ್ರಶ್ನೆಪತ್ರಿಕೆ ಕೈಗಿಟ್ಟ ಹಾಗೆ. ನಿಜದ ಕಡಲಲ್ಲಿ ಆ ಅಂಚು ಅಷ್ಟು ಕರಾರುವಾಕ್ಕಾಗಿ ಯಾರಿಗೆ ಗೊತ್ತಿರುತ್ತದೆ?

"ಅಂಚನ್ನ ಮಸುಕು ಮಾಡಿ ಪರೀಕ್ಷೆ ಮತ್ತೆ ಓಡಿಸ್ಬೇಕು" ಎಂದಳು.

ಐಲರ್ಟ್ ತಲೆ ಮೇಲೆ ಕೈಹೊತ್ತ. "ಸುಮ್ನಿರು ಮಾರಾಯ್ತಿ! ಸಮಿತಿಯೋರು ಇದನ್ನೆಲ್ಲ ಕೆದಕ್ತಾರಾ? ಪ್ರಯೋಜನ ಕಡಿಮೆ ಅಂತ ಬಂದ್ರೆ ಉಪಗ್ರಹಕ್ಕೆ ಎಳ್ಳುನೀರೇ. ನಿನ್ನ ತಮ್ಮನ ಮುಖ ನೋಡಿಯಾದ್ರೂ ಬಿಡು."

"ಅವನ ಮುಖ ನೋಡೇ ಹೇಳ್ತಿರೋದು ಕಣೋ. ಆವತ್ತು ರೇಡಿಯೋದಲ್ಲಿ ಗಾಳಿ ಏನಿಲ್ಲ ಅಂತ ಧೈರ್ಯವಾಗಿ ಹೇಳಿದ್ರು. ಅದನ್ನ ನಂಬಿ ಹೋದ."

ಐಲರ್ಟ್ ಸಮಿತಿಗೆ ಬರೆದಿದ್ದ ವರದಿಯನ್ನು ಪಕ್ಕಕ್ಕಿಟ್ಟ.

ಮತ್ತೆ ಓಡಿಸಿದರು. ಬಿರುಗಾಳಿಯ ಮುನ್ನೆಚ್ಚರಿಕೆ ಅರ್ಧ ದಿನದಿಂದ ಮೂರು ಗಂಟೆಗೆ ಇಳಿಯಿತು. ಮೂರೇ ಮೂರು ಗಂಟೆ! ಸಮಿತಿಯವರು ನಗುವುದಿಲ್ಲವೇ? ಕೈಯಾರೆ ತಾನೇ ಈ ಉಪಗ್ರಹಕ್ಕೆ ಕಲ್ಲು ಹಾಕಿದೆನಲ್ಲ ಎಂಬ ಸಂಕಟ ಅವಳನ್ನು ತಿಂದುಹಾಕಿತು.

ಭಾನುವಾರ ತಮ್ಮನ ಹೆಂಡತಿ ಸೋಲ್ವಿಯ ಮನೆಗೆ ಊಟಕ್ಕೆ ಹೋದವಳು ಎಲ್ಲ ಹೇಳಿಕೊಂಡಳು. ಸೋಲ್ವಿ ಬೇಯಿಸಿದ ಮೀನು ಬಡಿಸುತ್ತಿದ್ದಳು.

"ಎಷ್ಟು ಗಂಟೆ ಅಂದ್ರಿ, ಅಕ್ಕಾ?"

"ಮೂರು. ಅಷ್ಟೇ ಕಣೇ."

ಸೋಲ್ವಿ ಸೌಟು ಕೆಳಗಿಟ್ಟಳು. "ಆವತ್ತು ಅವರ ದೋಣಿ ಇದ್ದ ಜಾಗದಿಂದ ಬಂದರಿಗೆ ಒಂದು ಗಂಟೆ ದಾರಿ, ಅಕ್ಕಾ."

 ಮೀನು ತಣ್ಣಗಾಯಿತು.

ಸೋಮವಾರ ಬೆಳಿಗ್ಗೆ ಕೋಟು ಕೂಡ ಬಿಚ್ಚದೆ ಗುನ್ವೋರ್ ಐಲರ್ಟನ ಮೇಜಿನ ಮುಂದೆ ನಿಂತಳು. "ವರದೀಲಿ ಮೊದಲ ಸಾಲಲ್ಲೇ ಬರಿ, ಮೂರು ಗಂಟೆ ಅಂತ. ಮೂರು ಗಂಟೇಲಿ ಏನಾಗುತ್ತೆ ಅಂತ ಯಾರಾದ್ರೂ ಕೇಳಿದ್ರೆ ನನ್ನನ್ನ ಕರಿ. ಸೋಲ್ವಿನ ಕರ್ಕೊಂಡು ಬರ್ತೀನಿ."