ಹೊಂಗೆಯೆಲೆಯೊಳಗಿನ ಬೂಷ್ಟು

ಬ್ಲೀಚಿಂಗ್ ನೀರಿನಲ್ಲಿ ಸದಾ ನೆನೆಯುತ್ತಿದ್ದ ನಮ್ಮ ಮೇಡಂ ಅವರ ಬೆರಳ ತುದಿಗಳು ಬೆಳ್ಳಗೆ ಸುಲಿದಿರುತ್ತಿದ್ದವು. ಎಲೆಯ ಹೊರಮೈಯ ಸೂಕ್ಷ್ಮಜೀವಿಗಳನ್ನೆಲ್ಲ ತೊಳೆದು ಕೊಂದರೆ ಮಾತ್ರ ಒಳಗೆ ವಾಸಿಸುವವು ಶುದ್ಧವಾಗಿ ಸಿಗುತ್ತವೆ. ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಕಡೆಯ ಸಲ ತೊಳೆದ ನೀರನ್ನೂ ಗಾಜಿನ ತಟ್ಟೆಗೆ ಹಾಕಿಡುತ್ತಿದ್ದರು. ಅದರಲ್ಲಿ ಏನಾದರೂ ಬೆಳೆದರೆ ಅಷ್ಟೂ ಕೆಲಸ ಕಸಕ್ಕೆ. "ಬೀದೀಲಿ ಹೋಗೋರನ್ನ ಮನೆಯವರು ಅಂತ ಬರ್ಕೊಳ್ತೀರೇನ್ರೀ?" ಎನ್ನುವರು.

ಯಲಹಂಕದ ಪ್ರಯೋಗಾಲಯದಲ್ಲಿ ನಾನು ಅವರ ಕಿರಿಯ ಸಹೋದ್ಯೋಗಿ. ಚಿಕ್ಕಜಾಲದ ರಸ್ತೆಬದಿಯ ಒಂದು ಹೊಂಗೆಮರದ ಎಲೆಯೊಳಗಿನಿಂದ ನಾವು ಬೇರ್ಪಡಿಸಿದ ಬೂಷ್ಟು, ಯಾವ ಔಷಧಕ್ಕೂ ಜಗ್ಗದ ಬ್ಯಾಕ್ಟೀರಿಯಾವನ್ನು ತಟ್ಟೆಯಲ್ಲಿ ಅಳಿಸಿಹಾಕಿತು. ನಾವೆಲ್ಲ ಕುಣಿದಾಡಿದೆವು. ಮೇಡಂ ಮಾತ್ರ, "ಇನ್ನೊಂದಷ್ಟು ತಲೆಮಾರು ಬೆಳೆಸಿ, ಆಮೇಲೆ ಕುಣಿಯೋಣ" ಎಂದರು. ಬೂಷ್ಟು ಹುಲುಸಾಗಿಯೇ ಬೆಳೆಯಿತು. ಅದರಲ್ಲಿದ್ದ, ಬ್ಯಾಕ್ಟೀರಿಯಾ ಕೊಲ್ಲುವ ಔಷಧದ ಅಂಶ ಮಾತ್ರ ತಲೆಮಾರಿನಿಂದ ತಲೆಮಾರಿಗೆ ಇಳಿದು, ಕೊನೆಗೆ ಇಲ್ಲವೇ ಇಲ್ಲ.

"ತವರಿನ ಊಟ ಕೇಳ್ತಿದೆ ಕಣ್ರೀ" ಎಂದರು. ವಿದ್ಯಾರಣ್ಯಪುರದ ಹೊಂಗೆಗಳ ಎಲೆ ಕುದಿಸಿ ಬೂಷ್ಟಿನ ಆಹಾರಕ್ಕೆ ಬೆರೆಸಿದೆವು, ಫಲವಿಲ್ಲ. ಅದೇ ಮರದ ಎಲೆಯೇ ಬೇಕಿತ್ತು. ಚಿಕ್ಕಜಾಲಕ್ಕೆ ಹೊರಟೆವು. ಬೇಸಿಗೆಯೆಂದು ನನ್ನ ನೆನಪು. ಜೊತೆಗಿದ್ದವರನ್ನು ವಿಚಾರಿಸಿ ತಿದ್ದಿಕೊಂಡಿದ್ದೇನೆ, ಅದು ಮಳೆಗಾಲದ ಕೊನೆ.

ಮರವಿದ್ದ ಕಡೆ ಹೊಸ ಡಾಂಬರು ಹೊಳೆಯುತ್ತಿತ್ತು. ಮೇಡಂ ನಂಬಲಿಲ್ಲ, ದಾರಿ ತಪ್ಪಿದ್ದೇವೆಂದೇ ವಾದಿಸಿದರು. ಪಕ್ಕದಲ್ಲಿ ಎಳನೀರು ಮಾರುತ್ತಿದ್ದ ಹೆಂಗಸು ನಕ್ಕಳು.

"ಓದ್ ವಾರ ಕಡ್ದಾಕುದ್ರು ಕಣಮ್ಮಾ, ರೋಡ್ ಅಗಲ ಮಾಡಕ್ಕೆ. ಒಂದ್ ಒಂಗೆಮರಕ್ಕೆ ಇಷ್ಟ್ ದೂರ ಬಂದ್ರಾ?"

"ಬೇರಾದ್ರೂ ಉಳಿದಿದ್ಯಾ?" ಎಂದು ಮೇಡಂ ಕೇಳಿದರು.

"ಜೇಸಿಬಿ ಬಿಟ್ಟಾತಾ?"

ಮೇಡಂ ರಸ್ತೆಯಂಚಿನಲ್ಲೇ ಕುಳಿತುಬಿಟ್ಟರು. ಬೂಷ್ಟನ್ನು ಬೇರೆ ಬೇರೆ ಫ್ರೀಜರುಗಳಲ್ಲಿಟ್ಟು, ಬೀಗ ಹಾಕಿ ಕಾಪಾಡಿದ್ದೆವು. ಮರದ ಒಂದು ಕೊಂಬೆ ನೆಡಬೇಕೆಂದು, ಕೆಳಗುದುರಿದ ಬೀಜ ಹೆಕ್ಕಿಡಬೇಕೆಂದು ಅಷ್ಟು ಜನ ವಿದ್ವಾಂಸರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಆ ದಿಗ್ಭ್ರಮೆ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ಕಳೆದ ವರ್ಷ ಹೆಬ್ಬಾಳದ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಮೇಡಂ, ಬೂಷ್ಟು ಮತ್ತೆ ಏನಾದರೂ ಕೊಟ್ಟಿತೇ ಎಂದು ಕೇಳಿದರು. ಇಲ್ಲವೆಂದೆ.

"ಇಲ್ಲ ಅಂತಾನೇ ಬರೀರಿ. ಮರ ಕಳ್ಕೊಂಡಿದ್ದನ್ನೂ ಬರೀರಿ, ನಾಚ್ಕೋಬೇಡಿ."

ಆ ವಾರವೇ ತೀರಿಕೊಂಡರು.

ಅವರ ಹೆಸರನ್ನು ಮೊದಲಿಟ್ಟು, ಹೇಳಿದಂತೆಯೇ ಬರೆದೆ. ಲೇಖನ ಅಚ್ಚಾದ ಮೇಲೆ ಹೊರದೇಶಗಳಿಂದಲೂ ಪತ್ರಗಳು ಬಂದವು. ಎಲ್ಲರೂ ಕೇಳಿದ್ದು ಆ ಮರದ ಎಲೆಯನ್ನು.